ಏಳೂವರೆ ತಲೆಯ ಮನುಷ್ಯ

ಮನುಷ್ಯನ ಚಿತ್ರ ಬಿಡಿಸಲು ಕಲಿಯುವವರಿಗೆ ಮೊದಲ ಪಾಠಗಳಲ್ಲೇ ಹೇಳಿಕೊಡುವ ಒಂದು ಲೆಕ್ಕವಿದೆ. ನೆತ್ತಿಯಿಂದ ಗದ್ದದವರೆಗಿನ ಉದ್ದವನ್ನು ಒಂದು 'ತಲೆ' ಎಂದು ಇಟ್ಟುಕೊಂಡರೆ, ನೆಟ್ಟಗೆ ನಿಂತ ವಯಸ್ಕನ ಎತ್ತರ ಸುಮಾರು ಏಳೂವರೆ ತಲೆ. ಆಗಷ್ಟೇ ಹುಟ್ಟಿದ ಮಗುವಿನದು ನಾಲ್ಕೇ ತಲೆ. ಕಣ್ಣುಗಳಿರುವುದು ತಲೆಯ ಎತ್ತರದ ಸರಿಸುಮಾರು ಅರ್ಧದಲ್ಲಿ. ಕೈಯನ್ನು ಇಳಿಬಿಟ್ಟರೆ ಬೆರಳ ತುದಿ ತೊಡೆಯ ನಡುವನ್ನು ಮುಟ್ಟುತ್ತದೆ. ಗದ್ದದಿಂದ ಹಣೆಯ ಕೂದಲಂಚಿನವರೆಗಿನ ಉದ್ದವೂ ಹಸ್ತದ ಉದ್ದವೂ ಹೆಚ್ಚುಕಡಿಮೆ ಒಂದೇ. ಪಾದವನ್ನು ಮುಂಗೈಯ ಪಕ್ಕದಲ್ಲಿಟ್ಟು ನೋಡಿದರೆ ಅವೆರಡೂ ಸಮ. ಇಷ್ಟನ್ನು ತಿಳಿದುಕೊಂಡವನ ಚಿತ್ರ ಮೊದಲಿಗಿಂತ ಸುಧಾರಿಸುವುದರಲ್ಲಿ ಸಂಶಯವಿಲ್ಲ. ನನ್ನ ಪ್ರಶ್ನೆ ಬೇರೆ. ಈ ಲೆಕ್ಕಕ್ಕೆ ಹೊಂದದ ಮನುಷ್ಯನೊಬ್ಬ ಎದುರಿಗೆ ಕುಳಿತಾಗ ನಾವು ತಿದ್ದಬೇಕಾದುದು ಯಾವುದನ್ನು? ಲೆಕ್ಕವನ್ನೋ, ಮನುಷ್ಯನನ್ನೋ?

ನಾನು ಚಿತ್ರಕಾರನಲ್ಲ. ಬಿ.ಎ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾದವನು. ಎಡನೀರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುವವನು. ತಂಗಿಯ ಮಗಳು ರವಿವಾರಗಳಂದು ಚಿತ್ರ ಕಲಿಯಲು ಕುಳಿತಾಗ ಅವಳ ಪಕ್ಕದಲ್ಲಿ ನಾನೂ ಒಂದು ಪೆನ್ಸಿಲು ಹಿಡಿದು ಕುಳಿತುಕೊಳ್ಳುತ್ತೇನೆ, ಅಷ್ಟೆ. ಆದುದರಿಂದ ಇಲ್ಲಿ ಹೇಳುವುದು ಕಲಾವಿಮರ್ಶೆಯಲ್ಲ, ಒಬ್ಬ ಸಾಮಾನ್ಯನ ವಿಚಾರ ಎಂದು ಓದುಗರು ತಿಳಿಯಬೇಕು.

ಮೊದಲು ಲೆಕ್ಕದ ಪರವಾಗಿ ನ್ಯಾಯವಾಗಿ ಹೇಳಬೇಕಾದುದನ್ನು ಹೇಳಿಬಿಡುತ್ತೇನೆ. ನಮ್ಮ ಕಣ್ಣು ನಾವು ನಂಬಿರುವಷ್ಟು ಪ್ರಾಮಾಣಿಕವಲ್ಲ. ಕಲಿಯದವರು ಬಿಡಿಸಿದ ಮನುಷ್ಯನನ್ನು ನೋಡಿ. ತಲೆ ದೊಡ್ಡದು, ಕಾಲು ಗಿಡ್ಡ, ಹಸ್ತ ಸಣ್ಣದು, ಕಣ್ಣುಗಳು ಹಣೆಯ ಮೇಲಕ್ಕೆ ಏರಿ ಕುಳಿತಿರುತ್ತವೆ. ಕಾರಣವೇನು? ನಮಗೆ ಮುಖದ ಮೇಲೆ ಇರುವಷ್ಟು ಲಕ್ಷ್ಯ ಮೊಣಕಾಲಿನ ಮೇಲಿಲ್ಲ. ಹುಬ್ಬಿನ ಮೇಲಿರುವ ಹಣೆಯಲ್ಲಿ, ಕೂದಲು ಮುಚ್ಚಿದ ನೆತ್ತಿಯಲ್ಲಿ ನಮಗೆ ಓದಲು ಏನೂ ಸಿಗುವುದಿಲ್ಲವಾದ್ದರಿಂದ ಆ ಭಾಗವನ್ನೇ ಕತ್ತರಿಸಿಬಿಡುತ್ತೇವೆ. ಎಂದರೆ ನಾವು ಬಿಡಿಸುವುದು ಕಂಡದ್ದನ್ನಲ್ಲ, ಬೇಕೆನಿಸಿದ್ದನ್ನು. ತೋಳನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳು ಜಾರಿಸಿ ಅಳೆದು ನೋಡಿದಾಗಲೇ ನಮ್ಮ ಪಕ್ಷಪಾತ ಬಯಲಾಗುವುದು. ಅಳತೆಯೆಂಬುದು ಮೊತ್ತಮೊದಲಿಗೆ ನಮ್ಮ ಇಷ್ಟಾನಿಷ್ಟಗಳಿಗೆ ಹಾಕುವ ಕಡಿವಾಣ. ಆ ಅರ್ಥದಲ್ಲಿ ಅದೊಂದು ನೀತಿಯ ಸಾಧನವೇ ಹೌದು.

ಇಂತಹ ಅಳತೆಗಳನ್ನು ಎಲ್ಲ ದೇಶದವರೂ ಹುಡುಕಿದ್ದಾರೆ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ತಲೆಯು ಎತ್ತರದ ಎಂಟನೆಯ ಒಂದು ಪಾಲು ಎಂದು ಬರೆದಿಟ್ಟ. ಸುಮಾರು 1490ರಲ್ಲಿ ಲಿಯೊನಾರ್ಡೊ ಡ ವಿಂಚಿ ಅದನ್ನಾಧರಿಸಿ ವೃತ್ತ ಮತ್ತು ಚೌಕದೊಳಗೆ ಕೈಕಾಲು ಚಾಚಿ ನಿಂತ ಮನುಷ್ಯನನ್ನು ಬಿಡಿಸಿದ. ನಮ್ಮ ಶಿಲ್ಪಶಾಸ್ತ್ರಗಳಲ್ಲಿ ತಾಲಮಾನವಿದೆ. ಒಂದು ತಾಲವೆಂದರೆ ಮುಖದ ಉದ್ದ, ಅದು ಹನ್ನೆರಡು ಅಂಗುಲ. ನವತಾಲದ ಮೂರ್ತಿಗೆ ಮುಖ 12, ಕೊರಳು 4, ಕೊರಳಿನಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಅಲ್ಲಿಂದ ಕಟಿಯ ಬುಡಕ್ಕೆ 12, ತೊಡೆ 24, ಮೊಣಕಾಲು 4, ಕಣಕಾಲು 24, ಪಾದ 4. ಒಟ್ಟು 108 ಅಂಗುಲ. ಕೂಡಿಸಿ ನೋಡಿದಾಗ ಗುಮಾಸ್ತನಾದ ನನಗೆ ಸಂತೋಷವಾದುದು ಸುಳ್ಳಲ್ಲ.

ಆದರೆ ಈ ಲೆಕ್ಕದ ಒಳಗುಟ್ಟನ್ನು ಗಮನಿಸಬೇಕು. ಇಲ್ಲಿ ಅಂಗುಲವೆಂಬುದು ಅಂಗಡಿಯಲ್ಲಿ ಸಿಗುವ ಅಡಿಕೋಲಿನ ಅಂಗುಲವಲ್ಲ. ಆಯಾ ಮೂರ್ತಿಯ ಎತ್ತರವನ್ನೇ ಪಾಲುಮಾಡಿ ಪಡೆದ ಅಂಗುಲ. ಅಳೆಯುವ ಕೋಲು ಅಳೆಸಿಕೊಳ್ಳುವ ದೇಹದೊಳಗಿನಿಂದಲೇ ಹುಟ್ಟುತ್ತದೆ. ಮತ್ತೂ ಒಂದು ವಿಷಯ: ಶಾಸ್ತ್ರ ಎಲ್ಲರನ್ನೂ ನವತಾಲಕ್ಕೆ ಎಳೆದು ನಿಲ್ಲಿಸಲಿಲ್ಲ. ಗಣಪತಿಗೆ ಪಂಚತಾಲವನ್ನೇ ವಿಧಿಸಿತು. ಮಧೂರಿನ ಮಹಾಗಣಪತಿಗೆ ಕೈಮುಗಿಯುವ ನಮ್ಮಲ್ಲಿ ಯಾರೊಬ್ಬರೂ ಹೊಟ್ಟೆಯ ಅಳತೆ ತಪ್ಪಿದೆಯೆಂದು ಹೇಳಿದ್ದುಂಟೆ? ಪಶ್ಚಿಮದಲ್ಲೂ ಹೀಗೆ ಯೋಚಿಸಿದವರಿದ್ದರು. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಮಾನವ ಪ್ರಮಾಣದ ಕುರಿತು ಬರೆದ ನಾಲ್ಕು ಪುಸ್ತಕಗಳು ಅವನು ತೀರಿಕೊಂಡ 1528ರಲ್ಲೇ ಪ್ರಕಟವಾದವು. ಅವುಗಳಲ್ಲಿ ಒಂದೇ ಒಂದು ಆದರ್ಶ ದೇಹವಿಲ್ಲ; ದಪ್ಪನೆಯವರು, ಸಪೂರದವರು, ಎತ್ತರದವರು, ಕುಳ್ಳರು ಎಂದು ಹಲವು ಬಗೆಯ ದೇಹಗಳಿವೆ, ಒಂದೊಂದಕ್ಕೂ ಅದರದರ ಲೆಕ್ಕವಿದೆ. 1914ರಲ್ಲಿ ಭಾರತೀಯ ಅಂಗರಚನೆಯ ಕುರಿತು ಪುಟ್ಟ ಪುಸ್ತಕ ಬರೆದ ಅವನೀಂದ್ರನಾಥ ಠಾಕೂರರು ಕೂಡ ತಾಲಮಾನವನ್ನೆಲ್ಲ ವಿವರಿಸುತ್ತ, ಅದು ಪೂಜೆಯ ಮೂರ್ತಿಗೆ ಕಡ್ಡಾಯ, ಉಳಿದ ಕಡೆ ಕಲಾವಿದ ಸ್ವತಂತ್ರ ಎಂಬ ಅಭಿಪ್ರಾಯವನ್ನೇ ಎತ್ತಿಹಿಡಿದರು.

ಹಾಗಾದರೆ ಒಂದೇ ಅಚ್ಚಿನ ಮನುಷ್ಯ ಎಲ್ಲಿಂದ ಬಂದ? ಬೆಲ್ಜಿಯಮ್ಮಿನ ಖಗೋಳಶಾಸ್ತ್ರಜ್ಞ ಕ್ವೆಟೆಲೆ 1835ರಲ್ಲಿ 'ಸರಾಸರಿ ಮನುಷ್ಯ' ಎಂಬ ಕಲ್ಪನೆಯನ್ನು ಮುಂದಿಟ್ಟ. ಸಾವಿರಾರು ಸ್ಕಾಟಿಷ್ ಸೈನಿಕರ ಎದೆಯ ಸುತ್ತಳತೆಯ ಲೆಕ್ಕವನ್ನೂ ಅವನು ಮುಂದೆ ಪರಿಶೀಲಿಸಿದ. ನಕ್ಷತ್ರದ ಸ್ಥಾನವನ್ನು ಹಲವು ಸಲ ಅಳೆದಾಗ ನಡುವಿನ ಬೆಲೆ ಸತ್ಯಕ್ಕೆ ಹತ್ತಿರ, ಉಳಿದುವು ಅಳತೆಯ ದೋಷ. ಅದೇ ನ್ಯಾಯವನ್ನು ಅವನು ಮನುಷ್ಯರಿಗೂ ಅನ್ವಯಿಸಿದ. ಪರಿಣಾಮವೇನಾಯಿತೆಂದರೆ, ಸರಾಸರಿಯವನು ಪ್ರಕೃತಿಯ ಉದ್ದೇಶವಾದ, ನಾವೆಲ್ಲ ಅವಳ ಕೈತಪ್ಪುಗಳಾದೆವು. ಇದರ ಪೊಳ್ಳು ಬಯಲಾದುದು ಬಹಳ ತಡವಾಗಿ. 1950ರ ಹೊತ್ತಿಗೆ ಅಮೆರಿಕದ ವಾಯುಸೇನೆ 4,063 ಮಂದಿ ವಿಮಾನ ಚಾಲಕರ ದೇಹಗಳನ್ನು ಅಳೆಯಿತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಸಂಶೋಧಕ ಅದರಲ್ಲಿ ಹತ್ತು ಮುಖ್ಯ ಅಳತೆಗಳನ್ನು ಆರಿಸಿ, ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿರುವವರು ಎಷ್ಟು ಮಂದಿ ಎಂದು ಹುಡುಕಿದ. ಸಿಕ್ಕಿದ ಉತ್ತರ ಸೊನ್ನೆ. ಸರಾಸರಿ ಚಾಲಕನಿಗೆಂದು ಮಾಡಿದ ಆಸನ ಯಾರಿಗೂ ಮಾಡಿದ್ದಲ್ಲ ಎಂದಾಯಿತು. ಏಳೂವರೆ ತಲೆಯ ಮನುಷ್ಯನ ಗತಿಯೂ ಇದೇ. ಅವನು ಪುಸ್ತಕದಲ್ಲಿದ್ದಾನೆ, ಚೆರ್ಕಳದ ಬಸ್ಸು ನಿಲ್ದಾಣದಲ್ಲಿ ಇಲ್ಲ.

'ಪ್ರಮಾಣ' ಎಂಬ ನಮ್ಮ ಶಬ್ದದಲ್ಲಿಯೇ ಈ ಚರ್ಚೆ ಅಡಗಿದೆಯೆಂದು ನನಗನಿಸುತ್ತದೆ. ಪ್ರಮಾಣವೆಂದರೆ ಅಳತೆ. ಪ್ರಮಾಣವೆಂದರೆ ತಿಳಿವಿಗೆ ಆಧಾರವಾದುದು, ಸಾಕ್ಷಿ. ದೈವದ ನಡೆಯಲ್ಲಿ ನಿಂತು ಮಾಡುವ ಆಣೆಯೂ ಪ್ರಮಾಣವೇ. ವೇದಾಂತದವರು ಪ್ರತ್ಯಕ್ಷ, ಅನುಮಾನ, ಶಬ್ದ ಮುಂತಾಗಿ ಪ್ರಮಾಣಗಳನ್ನು ಎಣಿಸುತ್ತಾರೆ. ಚಿತ್ರ ಬಿಡಿಸುವವನ ಪುಸ್ತಕದ ಲೆಕ್ಕ ಶಬ್ದಪ್ರಮಾಣ. ಎದುರಿಗೆ ಕುಳಿತ ದೇಹ ಪ್ರತ್ಯಕ್ಷ. ಪರಲೋಕದ ವಿಚಾರದಲ್ಲಿ ಶಬ್ದವೇ ಗತಿಯಿರಬಹುದು. ಆದರೆ ಬೆಂಕಿ ತಣ್ಣಗಿದೆಯೆಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂಬರ್ಥದ ಮಾತು ಶಂಕರಾಚಾರ್ಯರ ಗೀತಾಭಾಷ್ಯದಲ್ಲೇ ಇದೆ. ಎದುರಿಗಿರುವವನ ತೋಳಿನ ವಿಷಯದಲ್ಲಿ ತೋಳಿಗಿಂತ ದೊಡ್ಡ ಅಧಿಕಾರಿ ಇನ್ನಾರು?

ಈಗ ನನ್ನ ಮೇಜಿನ ಒಂದು ಮಾತು. ಹಣ ತೆಗೆಯುವ ಚೀಟಿಯ ಮೇಲಿನ ಸಹಿಯನ್ನು ನಮೂನೆ ಸಹಿಯೊಂದಿಗೆ ಹೋಲಿಸುವುದು ನಮ್ಮ ಕೆಲಸಗಳಲ್ಲೊಂದು. ಹಿಂದೆ ಕಾರ್ಡಿನಲ್ಲಿತ್ತು, ಈಗ ಪರದೆಯ ಮೇಲೆ ಬರುತ್ತದೆ. ಮೂವತ್ತು ವರ್ಷ ಹಿಂದೆ ಖಾತೆ ತೆರೆದ ಕೃಷಿಕರೊಬ್ಬರು ಇಂದು ನಡುಗುವ ಕೈಯಿಂದ ಹಾಕುವ ಸಹಿ ಅಂದಿನ ಸಹಿಯಂತೆ ಇರುವುದಿಲ್ಲ. ಅಕ್ಷರ ದೊಡ್ಡದಾಗಿರುತ್ತದೆ, ಗೆರೆ ಅಲೆಯಾಗಿರುತ್ತದೆ. ಹಾಗಿದ್ದೂ ಅದು ಅವರದೇ ಎಂದು ತಿಳಿಯುತ್ತದೆ. ಕೈ ಎಲ್ಲಿ ಮೇಲೇಳುತ್ತದೆ, ಎಲ್ಲಿ ಒತ್ತುತ್ತದೆ, ಒಂದು ಅಕ್ಷರದಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬುದು ಬದಲಾಗಿರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ನಮೂನೆಯನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೋಲುವ ಸಹಿಯನ್ನು ಕಂಡರೆ ಅನುಭವವುಳ್ಳ ಗುಮಾಸ್ತನಿಗೆ ಸಂಶಯ ಬರುತ್ತದೆ. ಜೀವವಿರುವ ಕೈ ಎರಡು ಸಲ ಒಂದೇ ರೀತಿ ಬರೆಯುವುದಿಲ್ಲ. ಹೋಲಿಕೆಯೆಂಬುದು ಹೊರಗಿನ ಆಕಾರದಲ್ಲಿ ಇರುವುದಕ್ಕಿಂತ ಒಳಗಿನ ಜೋಡಣೆಯಲ್ಲಿ ಇರುತ್ತದೆಂದು ನಾನು ಕಲಿತದ್ದು ಹೀಗೆ.

ಒಳಗಿನ ಜೋಡಣೆ ಎಂದಾಗ ಎಡನೀರಿನವರಾದ ನಮಗೆ ಇನ್ನೊಂದು ನೆನಪು ಬಾರದಿರದು. ನಮ್ಮ ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದ ಮೊಕದ್ದಮೆಯ ತೀರ್ಪು 1973ರ ಏಪ್ರಿಲ್ 24ರಂದು ಬಂತು. ಹದಿಮೂರು ಮಂದಿ ನ್ಯಾಯಾಧೀಶರು, ಅರುವತ್ತೆಂಟು ದಿನಗಳ ವಾದ, ಏಳು ಮತ್ತು ಆರರ ಬಹುಮತ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸಂರಚನೆಯನ್ನು ಕೆಡಿಸಕೂಡದು ಎಂಬುದು ತೀರ್ಪಿನ ಸಾರ. ಭೂಮಿಯ ಪ್ರಶ್ನೆಯಿಂದ ಹೊರಟ ಮೊಕದ್ದಮೆ ದೇಶಕ್ಕೆ ಒಂದು ತತ್ತ್ವವನ್ನು ಕೊಟ್ಟಿತು. ನನಗೆ ಆ ತತ್ತ್ವ ಚಿತ್ರಕ್ಕೂ ಒಪ್ಪುತ್ತದೆಂದು ತೋರುತ್ತದೆ. ಯಾವುದನ್ನು ಹಿಗ್ಗಿಸಬಹುದು, ಯಾವುದನ್ನು ಮುರಿಯಬಾರದು?

2020ರಲ್ಲಿ ಬ್ರಹ್ಮೈಕ್ಯರಾದ ಅದೇ ಸ್ವಾಮಿಗಳು ಯಕ್ಷಗಾನವನ್ನು ಪ್ರೀತಿಸಿ ಪೋಷಿಸಿದವರು, ಸ್ವತಃ ಹಾಡುತ್ತಿದ್ದವರು. ತೆಂಕುತಿಟ್ಟಿನ ಬಣ್ಣದ ವೇಷವನ್ನು ನೆನೆದುಕೊಳ್ಳಿ. ಮುಖಕ್ಕೆ ಚಿಟ್ಟಿ, ತಲೆಗೆ ಭಾರೀ ಕಿರೀಟ, ಸೊಂಟಕ್ಕೆ ಸುತ್ತಿ ಸುತ್ತಿ ತುಂಬಿಸಿದ ಬಟ್ಟೆ. ತಲೆಯ ಲೆಕ್ಕ ಹಿಡಿದು ಅಳೆದರೆ ಆ ರಾಕ್ಷಸ ನಾಲ್ಕು ತಲೆಯನ್ನೂ ದಾಟಲಾರ. ನಮ್ಮ ನೆರೆಯ ಕಥಕಳಿಯಲ್ಲೂ ತೆಯ್ಯಂನ ಎತ್ತರದ ಮುಡಿಯಲ್ಲೂ ಇದೇ ಕತೆ. ಹಾಗಿದ್ದೂ ಅವನು ಸುಳ್ಳೆನಿಸುವುದಿಲ್ಲ. ಏಕೆ? ವೇಷದೊಳಗೆ ಒಬ್ಬ ಮನುಷ್ಯ ಆ ಭಾರವನ್ನು ಹೊತ್ತು ನಿಂತಿದ್ದಾನೆ. ಅವನ ಪಾದ ನೆಲವನ್ನು ಒತ್ತುತ್ತದೆ, ಮೊಣಕಾಲು ಮಡಿಚುತ್ತದೆ, ಬೆನ್ನು ಕಿರೀಟಕ್ಕೆ ಆಧಾರ ಕೊಡುತ್ತದೆ. ದೇಹದ ಮೂಲ ಸಂರಚನೆಯೆಂದರೆ ಇದು: ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ, ಕೀಲು ಎತ್ತ ತಿರುಗುತ್ತದೆ, ಒಂದು ಕಡೆ ಬಾಗಿದರೆ ಇನ್ನೊಂದು ಕಡೆ ಹೇಗೆ ಸರಿದೂಗುತ್ತದೆ ಎಂಬ ಸಂಬಂಧ. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತವನ ಸೊಂಟ ಆ ಬದಿಗೆ ಮೇಲೇರುತ್ತದೆ, ಹೆಗಲು ಅದೇ ಬದಿಗೆ ಇಳಿಯುತ್ತದೆ. ಸೊಂಟದಲ್ಲಿ ಕೊಡ ಹೊತ್ತ ಹೆಂಗಸು, ಮಡಿಲಲ್ಲಿ ಗೆರಸೆಯಿಟ್ಟು ಬೀಡಿ ಕಟ್ಟುವ ಅಜ್ಜಿ, ಕಾಲಿಗೆ ಹಗ್ಗದ ಕುಣಿಕೆ ಹಾಕಿ ಅಡಿಕೆ ಮರ ಏರಿದವನು, ಇವರೆಲ್ಲರ ಎತ್ತರ ಬೇರೆ ಬೇರೆ. ಈ ಸರಿದೂಗಿಸುವ ಧರ್ಮ ಮಾತ್ರ ಒಂದೇ. ಏಳೂವರೆ ಎಂಬ ಸಂಖ್ಯೆ ತಿದ್ದುಪಡಿಗೆ ಒಳಪಡತಕ್ಕದ್ದು. ಈ ಸಂಬಂಧ ಒಳಪಡತಕ್ಕದ್ದಲ್ಲ.

ಇಷ್ಟು ಹೇಳಿದ ಮೇಲೂ ನಿಜವಾದ ಕಷ್ಟ ಉಳಿದೇ ಇದೆ. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಬರಿಯ ಚಿತ್ರದ ಪ್ರಶ್ನೆಯಾಗಿ ಉಳಿಯಲಾರದು. ಸರಕಾರೀ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು; ಅದು ನಿಂತದ್ದು 2000ದ ಹೊತ್ತಿಗೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಎಣ್ಮಕಜೆಯಂತಹ ಪಂಚಾಯತುಗಳ ಮಕ್ಕಳ ಭಾವಚಿತ್ರಗಳು ಲೋಕವೆಲ್ಲ ಸುತ್ತಿದವು. ಆ ದೇಹಗಳೇ ಪ್ರಮಾಣವಾದವು, ಸಾಕ್ಷಿಯೆಂಬ ಅರ್ಥದಲ್ಲಿ. ಆ ಚಿತ್ರಗಳು ಇಲ್ಲದಿರುತ್ತಿದ್ದರೆ ನಿಷೇಧ ಬರುತ್ತಿತ್ತೇ ಎಂದು ಕೇಳುವವರ ಮಾತಿನಲ್ಲಿ ಸತ್ಯವಿದೆ. ಆದರೆ ಸಾಕ್ಷಿಯಾಗಿ ನೋಡಲ್ಪಡುವುದೂ ಮನುಷ್ಯನಾಗಿ ನೋಡಲ್ಪಡುವುದೂ ಒಂದೇ ಅಲ್ಲ.

ತಂಗಿಯ ಮಗಳು ಒಮ್ಮೆ ಆ ಕಡೆಯ ನೆಂಟರ ಮನೆಗೆ ಹೋಗಿದ್ದಾಗ ನೆರೆಮನೆಯ ಹುಡುಗನೊಬ್ಬನ ಚಿತ್ರ ಬಿಡಿಸಿದಳು. ನಾನೂ ಜೊತೆಗಿದ್ದೆ. ಅವನ ತಲೆ ದೊಡ್ಡದು, ಕೈಕಾಲು ತೆಳ್ಳಗೆ, ಬೆನ್ನು ಒಂದು ಬದಿಗೆ ವಾಲಿದೆ. ಹುಡುಗಿ ಕಲಿತ ಲೆಕ್ಕವನ್ನೆಲ್ಲ ಉಪಯೋಗಿಸಿ ತಲೆಯನ್ನು ಸಣ್ಣದು ಮಾಡಿದಳು, ಬೆನ್ನನ್ನು ನೆಟ್ಟಗೆ ಮಾಡಿದಳು. ಕಪಟವಿರಲಿಲ್ಲ, ಕರುಣೆಯೇ ಇತ್ತು. ಹುಡುಗನ ಅಮ್ಮ ಕಾಗದವನ್ನು ಸ್ವಲ್ಪ ಹೊತ್ತು ನೋಡಿ, "ಚೆಂದ ಬಂದಿದೆ ಮಗಾ. ಆದರೆ ಇದು ಯಾರು?" ಎಂದರು. ಹುಡುಗಿ ನನ್ನ ಮುಖ ನೋಡಿದಳು. "ಇದ್ದ ಹಾಗೇ ಬಿಡಿಸಿದರೆ ಅವರಿಗೆ ಬೇಜಾರಾಗುವುದಿಲ್ಲವಾ ಮಾವ?" ಎಂದು ಮೆಲ್ಲಗೆ ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಆ ತಾಯಿಯೇ ಹೇಳಿದರು: "ಫೋಟೋ ತೆಗೆದವರು ಬೇಕಾದಷ್ಟಿದ್ದಾರೆ. ಅವರು ತಲೆ ನೋಡಿ ಹೋದರು. ನೀನು ಅವನ ಕೈಯನ್ನು ಸರಿಯಾಗಿ ಬಿಡಿಸು. ನನ್ನ ಸೆರಗು ಹಿಡಿಯುವುದು ಅದರಲ್ಲಿ."

ತಿದ್ದಿದ ಚಿತ್ರ ಹುಡುಗನನ್ನು ಅಳಿಸಿತು. ತಲೆಯನ್ನಷ್ಟೇ ತೋರಿಸುವ ಚಿತ್ರವೂ ಇನ್ನೊಂದು ರೀತಿಯಲ್ಲಿ ಅವನನ್ನು ಅಳಿಸುತ್ತದೆ. ಮೊದಲನೆಯದಕ್ಕೆ ಅವನು ಪುಸ್ತಕದ ಮನುಷ್ಯನಿಂದ ತಪ್ಪಿಹೋದವನು. ಎರಡನೆಯದಕ್ಕೂ ಅಷ್ಟೆ, ತಪ್ಪಿಹೋದ ಅಂತರವನ್ನೇ ಅದು ಬಿಡಿಸುತ್ತದೆ. ಎರಡರ ಅಡಿಕೋಲೂ ಒಂದೇ. ತಾಯಿ ಕೇಳಿದ್ದು ಮೂರನೆಯದನ್ನು. ಹುಡುಗನ ದೇಹಕ್ಕೆ ಅದರದೇ ಆದ ತಾಲವಿದೆ. ವಾಲಿದ ಬೆನ್ನು ಆ ಭಾರವಾದ ತಲೆಯನ್ನು ಹೇಗೆ ಹೊತ್ತಿದೆ, ಬೀಳದಂತೆ ತೆಳ್ಳಗಿನ ತೋಳು ನೆಲವನ್ನು ಹೇಗೆ ಊರಿದೆ, ಬೆರಳು ಸೆರಗನ್ನು ಹೇಗೆ ಬಿಗಿಹಿಡಿದಿದೆ ಎಂಬುದನ್ನು ಕಾಣಬೇಕು. ಹಾಗೆ ಕಂಡಾಗ ಆ ದೇಹದಲ್ಲಿ ದೋಷಗಳ ಪಟ್ಟಿ ಕಾಣಿಸದು, ದಿನವಿಡೀ ನಡೆಯುವ ಒಂದು ದುಡಿಮೆ ಕಾಣಿಸುತ್ತದೆ.

ಇದರಿಂದ ಅಂಗರಚನೆಯನ್ನು ಕಲಿಯುವುದೇ ಬೇಡ, ಮನಸ್ಸಿಗೆ ಬಂದಂತೆ ಬಿಡಿಸಿದರಾಯಿತು ಎಂದು ಯಾರಾದರೂ ತೀರ್ಮಾನಿಸಿದರೆ ಅದು ಪೂರ್ತಿ ತಲೆಕೆಳಗಿನ ಮಾತು. ನೆಟ್ಟಗಿನ ಬೆನ್ನುಹುರಿಯಲ್ಲಿ ಸಹಜವಾದ ಬಾಗುಗಳು ಎಷ್ಟು, ಅವು ಏಕೆ ಇವೆ ಎಂದು ತಿಳಿಯದವನು ವಾಲಿದ ಬೆನ್ನನ್ನು ಕೇವಲ ಡೊಂಕುಗೆರೆಯಾಗಿ ಎಳೆದಾನು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು (1911–1996) ಕುಣಿಯುವ ದೇಹವನ್ನು ನಾಲ್ಕೈದು ಗೆರೆಗಳಲ್ಲಿ ಹಿಡಿದುಕೊಡುತ್ತಿದ್ದರೆ, ಅದರ ಹಿಂದೆ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಮಾಡಿದ ಕಟ್ಟುನಿಟ್ಟಿನ ಅಭ್ಯಾಸವಿತ್ತು. ನಿಯಮವನ್ನು ಬಲ್ಲವನಿಗೆ ಮಾತ್ರ ನಿಯಮ ಎಲ್ಲಿ ಮುಗಿಯುತ್ತದೆಂದು ತಿಳಿಯುತ್ತದೆ. ಏಳೂವರೆ ತಲೆಯನ್ನು ಕಲಿಯಬೇಕು. ಎದುರಿಗಿರುವವನು ಅದಕ್ಕಿಂತ ಎಲ್ಲೆಲ್ಲಿ ಬೇರೆಯೆಂದು ಕಾಣುವುದಕ್ಕಾಗಿ ಕಲಿಯಬೇಕು.

ಗಡಿನಾಡಿನ ಕನ್ನಡಿಗರಾದ ನಮಗೆ ಈ ಮಾತು ಬೇಗ ಅರ್ಥವಾಗಬೇಕು. 1956ರ ನವಂಬರ 1ರಿಂದ ನಾವು ಬೇರೆಯವರ ಅಡಿಕೋಲಿಗೆ ಮೈಯೊಡ್ಡಿ ನಿಂತವರು. ಇಲ್ಲಿಯ ಅರ್ಜಿನಮೂನೆಯಲ್ಲಿ ನಮ್ಮ ಹೆಸರು ಸರಿಯಾಗಿ ಕೂರುವುದಿಲ್ಲ; ಬೆಂಗಳೂರಿಗೆ ಹೋದರೆ ನಮ್ಮ ಕನ್ನಡ 'ಮಲಯಾಳ ಬೆರೆತದ್ದು' ಎನಿಸಿಕೊಳ್ಳುತ್ತದೆ. ಎರಡು ಕಡೆಯೂ ನಾವು ಸರಾಸರಿಯಿಂದ ಜಾರಿದವರು. ಆದರೆ ದೂರುವ ಮೊದಲು ನಮ್ಮ ಮನೆಯ ಕೋಲನ್ನೂ ನೋಡಿಕೊಳ್ಳುವುದು ಒಳ್ಳೆಯದು. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಎತ್ತರ, ಬಣ್ಣ ಕೇಳುವವರು ನಾವೇ. ಕಾಲೆಳೆದು ನಡೆಯುವ ಮಗುವನ್ನು ಸಭೆಯ ಹಿಂದಿನ ಸಾಲಿನಲ್ಲಿ ಕೂರಿಸುವವರೂ ನಾವೇ. ಅಳೆಸಿಕೊಂಡು ನೊಂದವರು ಅಳೆಯುವುದರಲ್ಲಿ ಮೃದುವಾಗುತ್ತಾರೆಂಬ ನಿಯಮವೇನೂ ಇಲ್ಲ. ಅದನ್ನು ಬೇರೆಯಾಗಿ ಕಲಿಯಬೇಕಾಗುತ್ತದೆ.

ಮಲಯಾಳದಲ್ಲಿ ಅಳತೆಗೆ 'ಅಳವ್' ಎನ್ನುತ್ತಾರೆ. ನಮ್ಮಲ್ಲಿ 'ಅಳವು' ಎಂದರೆ ಅಳತೆಯೂ ಹೌದು, ಶಕ್ತಿಸಾಮರ್ಥ್ಯವೂ ಹೌದು. ಒಬ್ಬನ ಅಳವನ್ನು ಅರಿಯುವುದೆಂದರೆ ಅವನು ಎಷ್ಟು ಉದ್ದವಿದ್ದಾನೆಂದು ತಿಳಿಯುವುದಷ್ಟೇ ಅಲ್ಲ, ಅವನು ಎಷ್ಟನ್ನು ತಾಳಬಲ್ಲನೆಂದು ತಿಳಿಯುವುದು. ಎರಡು ಭಾಷೆಗಳ ನಡುವೆ ಬದುಕುವುದರಿಂದ ದೊರೆಯುವ ಸಣ್ಣ ಲಾಭಗಳಲ್ಲಿ ಇದೂ ಒಂದು.

ಚಿತ್ರ ಕಲಿಯುವ ಮಕ್ಕಳಿರುವ ಮನೆಯವರಲ್ಲಿ ನನ್ನದೊಂದು ವಿನಂತಿ. ಪುಸ್ತಕದ ಆಕೃತಿಗಳನ್ನು ನಕಲು ಮಾಡಿ ಕೈ ಪಳಗಿದ ಮೇಲೆ, ಮನೆಯ ಹಿರಿಯರೊಬ್ಬರನ್ನು ಜಗಲಿಯಲ್ಲಿ ಕೂರಿಸಿ ಮಕ್ಕಳಿಂದ ಅವರ ಚಿತ್ರ ಬಿಡಿಸಿ. ಮೊದಲ ಐದು ನಿಮಿಷ ಪೆನ್ಸಿಲು ಮುಟ್ಟದೆ ಬರಿದೆ ನೋಡಲು ಹೇಳಿ. ಅಜ್ಜಿಯ ತಲೆಯನ್ನೇ ಅಳತೆಯಾಗಿ ಇಟ್ಟುಕೊಂಡು ಅಜ್ಜಿಯನ್ನು ಅಳೆಯಲಿ. ಬಾಗಿದ ಬೆನ್ನಿನ ಭಾರ ಎಲ್ಲಿ ಇಳಿಯುತ್ತದೆಂದು ಹುಡುಕಲಿ. ಚಿತ್ರ ಮುಗಿದ ಮೇಲೆ ಏಳೂವರೆ ಆಯಿತೇ ಎಂದು ಕೇಳಬೇಡಿ. ಕಾಗದವನ್ನು ಅಜ್ಜಿಯ ಕೈಗೇ ಕೊಟ್ಟು, ಇದು ಯಾರೆಂದು ಅವರಲ್ಲೇ ಕೇಳಿ.